ಹಳೇ ಜೋಡುನಳಿಗೆ ಕೋವಿಯಲ್ಲಿ ಖಾಲಿ ಕೇಸು ಕಚ್ಚಿಕೊಂಡರೆ: ದೋಷ ಹುಡುಕುವ ಕ್ರಮ

ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿ ಮೇಲಿರುವ 12 ಬೋರಿನ ಜೋಡುನಳಿಗೆ ಕೋವಿಗಳಲ್ಲಿ ಎಷ್ಟೋ ಅಜ್ಜಂದಿರ ಕಾಲದವು. ಅವುಗಳ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ಈಡು ಹೊಡೆದ ಮೇಲೆ ಕಾರ್ಟ್ರಿಜ್ಜಿನ ಖಾಲಿ ಕೇಸು, ಅಂದರೆ ಹೊರಕವಚ, ಹೊರಗೆ ಬರುವುದಿಲ್ಲ. ಚಾಕು ಹಾಕಿ ಮೀಟಬೇಕು, ಇಲ್ಲವೇ ಮೂತಿಯಿಂದ ಗಜ ಹಾಕಿ ತಳ್ಳಬೇಕು. ಆಮೇಲೆ ಯಾರಾದರೂ ಒಬ್ಬರು ‘ಚೇಂಬರ್ ಒರಟಾಗಿದೆ, ಪಾಲಿಶ್ ಹೊಡೆಸಿ’ ಅನ್ನುತ್ತಾರೆ.

ಆ ಮಾತು ಕೆಲವು ಸಲ ನಿಜ. ಆದರೆ ಚೇಂಬರಿನಿಂದ, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾರ್ಟ್ರಿಜ್ ಕೂರುವ ಜಾಗದಿಂದ, ಒಮ್ಮೆ ತೆಗೆದ ಲೋಹ ಮತ್ತೆ ಬರುವುದಿಲ್ಲ. ಹಾಗಾಗಿ ಪಾಲಿಶ್ ಕಡೆಯ ಕೆಲಸ, ಮೊದಲಿನದಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆದು ಉಳಿದದ್ದು ಚೇಂಬರಿನ ಗೋಡೆಯೇ ಎಂದು ಖಾತ್ರಿಯಾದ ಮೇಲೆ ಮಾತ್ರ ಅದಕ್ಕೆ ಕೈಹಾಕಬೇಕು.

ಸಿಕ್ಕಿಕೊಂಡದ್ದು ಖಾಲಿಯೇ?

ಕೇಪಿನ (ಕೇಸಿನ ತಳದ ನಡುವೆ ಪೆಟ್ಟು ಬಿದ್ದು ಕಿಡಿ ಹತ್ತುವ ಭಾಗದ) ಮೇಲೆ ಪೆಟ್ಟಿನ ಗುರುತು ಇದೆ ಎಂದ ಮಾತ್ರಕ್ಕೆ ಅದು ಖಾಲಿ ಕೇಸು ಎನ್ನುವಂತಿಲ್ಲ. ಹಾರದೇ ಉಳಿದ ಕಾರ್ಟ್ರಿಜ್ಜಿನಲ್ಲೂ ಅದೇ ಗುರುತು ಇರುತ್ತದೆ. ಕುದುರೆ (ಪೆಟ್ಟು ಕೊಡುವ ಸುತ್ತಿಗೆ) ಬಿದ್ದೂ ಈಡು ಹಾರದಿದ್ದರೆ ಮೂತಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ತೆರೆಯಿರಿ. ಇನ್ನೊಂದು ನಳಿಗೆಯನ್ನೂ ಖಾಲಿ ಮಾಡಿ. ಕಾರ್ಟ್ರಿಜ್ ಡಬ್ಬಿ ಬೇರೆ ಕೋಣೆಯಲ್ಲಿರಲಿ.

ಮುಂದಿನ ಮರ, ಅಂದರೆ ನಳಿಗೆಗಳ ಕೆಳಗಿನ ಮರದ ಹಿಡಿ, ಬಿಚ್ಚಿ ನಳಿಗೆಗಳನ್ನು ಕಳಚಿಕೊಳ್ಳಿ. ಮೂತಿಗೆ ಕಣ್ಣು ಇಡಬೇಡಿ. ಮೊಬೈಲಿನ ಟಾರ್ಚ್ ಹಾಕಿ ಮೂತಿಯ ಮುಂದೆ ಹಿಡಿದು ಒಂದು ಚಿತ್ರ ತೆಗೆಯಿರಿ. ಖಾಲಿ ಕೇಸಾದರೆ ಆಚೆ ತುದಿಯಲ್ಲಿ ಕೇಸಿನ ತಳ, ನಡುವೆ ಕೇಪಿನ ತೂತು ಕಾಣುತ್ತದೆ. ಕೇಸಿನ ಬಾಯಿ ಮುಚ್ಚಿದ ಮಡಿಕೆಯೋ, ರಟ್ಟಿನ ಬಿಲ್ಲೆಯೋ ಕಂಡರೆ ಅದು ಹಾರದ ಕಾರ್ಟ್ರಿಜ್. ಅದಕ್ಕೆ ಮೂತಿಯಿಂದ ಗಜ ತಾಗಿಸಲೇಬಾರದು. ನಳಿಗೆಗಳನ್ನು ಹಾಗೇ ಇಟ್ಟು ಪರವಾನಗಿ ಇರುವ ಕೋವಿ ರಿಪೇರಿಯವರನ್ನು ಕರೆಯಿರಿ.

ಖಾಲಿ ಎಂದು ಖಚಿತವಾದರೆ ಕೇಸಿನ ಅಂಚಿನ ಸುತ್ತ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಅರ್ಧ ಗಂಟೆ ಬಿಡಿ. 16 ಮಿಮೀ ದಪ್ಪದ ನೇರವಾದ ಮರದ ಕೋಲನ್ನು ಮೂತಿಯಿಂದ ಇಳಿಸಿ ಅಂಗೈಯಿಂದ ಒತ್ತಿ. ಕಬ್ಬಿಣದ ಸರಳು ಬೇಡ. ಅಂಚಿನ ಕೆಳಗೆ ಚಾಕು ಹಾಕಿ ಮೀಟುವುದಂತೂ ಬೇಡವೇ ಬೇಡ. ಚಾಕುವಿನ ತುದಿ ಅಂಚು ಕೂರುವ ತಗ್ಗಿನಲ್ಲಿ ಎಬ್ಬಿಸುವ ಲೋಹದ ಚೂಪು ಮುಂದೆ ಪ್ರತಿ ಕಾರ್ಟ್ರಿಜ್ಜನ್ನೂ ಕೆರೆಯುತ್ತದೆ. ಆಗ ಇದ್ದ ಒಂದು ದೋಷ ಎರಡಾಗುತ್ತದೆ.

ದೂರು ಯಾವುದು ಎಂದು ಬೇರ್ಪಡಿಸಿ

‘ಕಚ್ಚಿಕೊಳ್ಳುತ್ತದೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೋಷಗಳು ಅಡಗಿರುತ್ತವೆ.

ಒಂದು, ಕೋವಿ ತೆರೆಯುವುದೇ ಕಷ್ಟ. ಲಿವರ್ ತಿರುಗುತ್ತದೆ, ನಳಿಗೆ ಕೆಳಗೆ ಬಾಗುವುದಿಲ್ಲ. ಹೊರಗೆ ಕುದುರೆ ಇರುವ ಹಳೇ ಕೋವಿಗಳಲ್ಲಿ ಇದು ಸಾಮಾನ್ಯ. ಹೊಡೆದ ಮೇಲೆ ಕುದುರೆ ತಾನಾಗಿ ಹಿಂದೆ ಸರಿಯದಿದ್ದರೆ ಕೇಪಿಗೆ ಬಡಿಯುವ ಒಳಗಿನ ಮೊಳೆ ಕೇಪಿನೊಳಗೆ ನೆಟ್ಟುಕೊಂಡೇ ಇರುತ್ತದೆ. ನಳಿಗೆ ಬಾಗುವಾಗ ಅದು ಕೇಪನ್ನು ಕೆರೆಯುತ್ತದೆ. ಕೇಸಿನ ತಳ ನೋಡಿ: ಕೇಪಿನ ಗುಂಡಿಯಿಂದ ಒಂದು ಪಕ್ಕಕ್ಕೆ ಬಾಲದ ಹಾಗೆ ಗೀರು ಎಳೆದಿದ್ದರೆ ದೋಷ ಮೊಳೆಯದ್ದು, ಅದರ ಸ್ಪ್ರಿಂಗಿನದ್ದು. ಚೇಂಬರಿಗೂ ಇದಕ್ಕೂ ಸಂಬಂಧವಿಲ್ಲ.

ಎರಡು, ಕೋವಿ ತೆರೆಯುತ್ತದೆ, ಕೇಸನ್ನು ಅಂಚು ಹಿಡಿದು ಎತ್ತುವ ಎಕ್ಸ್‌ಟ್ರಾಕ್ಟರ್ ಮೇಲೆ ಬರುತ್ತದೆ, ಕೇಸು ಮಾತ್ರ ಕೂತಲ್ಲೇ ಕೂತಿರುತ್ತದೆ. ಎಕ್ಸ್‌ಟ್ರಾಕ್ಟರ್ ಕೇಸಿನ ಅಂಚಿನ ಮೇಲಿಂದ ಜಾರಿದೆ ಎಂದರ್ಥ. ಅದರ ತುಟಿ ಸವೆದಿರಬಹುದು, ಇಲ್ಲವೇ ಕೇಸು ಅಷ್ಟು ಬಿಗಿಯಾಗಿ ಹಿಡಿದಿರಬಹುದು. ಅಂಚು ಬಾಗಿದೆಯೋ, ಕಚ್ಚಿ ಹರಿದಿದೆಯೋ ನೋಡಿ. ಅಂಚು ಹಾಗೇ ಚೆನ್ನಾಗಿದ್ದರೆ ತುಟಿ ಸವೆದಿದೆ. ಬಾಗಿದ್ದರೆ ಕೇಸಿನ ಹಿಡಿತವೇ ಹೆಚ್ಚು.

ಮೂರು, ಕೇಸು ಐದಾರು ಮಿಲಿಮೀಟರ್ ಎದ್ದು ನಿಲ್ಲುತ್ತದೆ, ಮುಂದಕ್ಕೆ ಬರುವುದಿಲ್ಲ. ಇಲ್ಲಿ ಕೋವಿಯ ಜಾತಿ ನೋಡಬೇಕು. ಬರೀ ಎಕ್ಸ್‌ಟ್ರಾಕ್ಟರ್ ಇರುವ ಕೋವಿಯ ಕೆಲಸ ಅಷ್ಟೇ: ಕೇಸನ್ನು ಎತ್ತಿ ಕೊಡುವುದು, ಉಳಿದದ್ದು ಬೆರಳಿನ ಕೆಲಸ. ಕೇಸನ್ನು ಸ್ಪ್ರಿಂಗಿನಿಂದ ಹೊರಗೆ ಹಾರಿಸುವ ಎಜೆಕ್ಟರ್ ಕೋವಿಯಾಗಿದ್ದು ಒಂದು ಕೇಸು ಹಾರಿ ಇನ್ನೊಂದು ಎದ್ದು ನಿಂತರೆ ಆ ಪಕ್ಕದ ಎಜೆಕ್ಟರ್ ಸ್ಪ್ರಿಂಗನ್ನೇ ಮೊದಲು ನೋಡಿ.

ಈ ಮೂರನೆಯದರಲ್ಲಿ ಬೆರಳಿಗೆ ತಿಳಿಯುವ ಒಂದು ಮುಖ್ಯ ಪರೀಕ್ಷೆ ಇದೆ. ಚೇಂಬರ್ ನೇರ ಕೊಳವೆಯಲ್ಲ. 12 ಬೋರಿನಲ್ಲಿ ಅಂಚಿನ ಹತ್ತಿರ ಸುಮಾರು 20.65 ಮಿಮೀ, ಮುಂದಿನ ತುದಿಯಲ್ಲಿ ಸುಮಾರು 20.3 ಮಿಮೀ. ಎಪ್ಪತ್ತು ಮಿಲಿಮೀಟರ್ ಉದ್ದಕ್ಕೆ ಮೂರೂವರೆ ಹತ್ತನೇ ಮಿಲಿಮೀಟರಿನಷ್ಟು ಇಳಿಜಾರು. ಕೇಸು ಆರು ಮಿಲಿಮೀಟರ್ ಹಿಂದೆ ಬಂದರೆ ಸುತ್ತಲೂ ಸೇರಿ 0.03 ಮಿಮೀ ಜಾಗ ಸಿಗುತ್ತದೆ. ಕೂದಲೆಳೆಗಿಂತ ಕಡಿಮೆ, ಆದರೆ ಹಿಡಿತ ಬಿಡಿಸಲು ಅಷ್ಟು ಸಾಕು. ಆದ್ದರಿಂದ ಸರಿಯಾದ ಚೇಂಬರಿನಲ್ಲಿ ಕೇಸು ಒಮ್ಮೆ ಕದಲಿತೆಂದರೆ ಎರಡು ಬೆರಳಿಗೆ ಸಲೀಸಾಗಿ ಬರಬೇಕು. ಕೊನೇವರೆಗೂ ಬಿಗಿಯಾಗಿಯೇ ಬಂದರೆ ಒಂದೋ ಮುಂಭಾಗದಲ್ಲಿ ಕೊಳೆ ಕಟ್ಟಿದೆ, ಇಲ್ಲವೇ ಹಿಂದೆ ಯಾರೋ ನೇರ ಕೋಲಿಗೆ ಎಮರಿ ಸುತ್ತಿ ತಿಕ್ಕಿ ಇಳಿಜಾರನ್ನೇ ಕೆಡಿಸಿದ್ದಾರೆ. ಎರಡನೆಯದಕ್ಕೆ ಪಾಲಿಶ್ ಮದ್ದಲ್ಲ. ಪಾಲಿಶ್‌ನಿಂದಲೇ ಬಂದ ರೋಗ ಅದು.

ಕಾರ್ಟ್ರಿಜ್ಜಿನ ಪಾಲು

ಕೋವಿಯನ್ನು ದೂರುವ ಮೊದಲು ಒಂದೇ ಡಬ್ಬಿಯ ಕಾರ್ಟ್ರಿಜ್ಜುಗಳನ್ನು ಎರಡೂ ನಳಿಗೆಯಲ್ಲಿ ಹೊಡೆದು ನೋಡಿ. ಎರಡರಲ್ಲೂ ಕಚ್ಚಿದರೆ ಬೇರೆ ಡಬ್ಬಿ ತನ್ನಿ. ಒಂದರಲ್ಲಿ ಮಾತ್ರ ಕಚ್ಚಿದರೆ ಆ ನಳಿಗೆಯ ಮೇಲೆ ಅನುಮಾನ ಇಡಬಹುದು. ಹೊಡೆಯುವ ಮೊದಲು ಒಂದು ಸಣ್ಣ ತಪಾಸಣೆ: ಕಳಚಿದ ನಳಿಗೆಯ ಚೇಂಬರಿಗೆ ಕಾರ್ಟ್ರಿಜ್ಜನ್ನು ಬಿಟ್ಟರೆ ಒತ್ತದೆಯೇ ಕೂರಬೇಕು, ಮೂತಿ ಮೇಲೆ ಮಾಡಿ ಹಿಡಿದರೆ ತನ್ನ ಭಾರಕ್ಕೇ ಬೀಳಬೇಕು. ಬೀಳದಿದ್ದರೆ ಹೊಡೆದ ಮೇಲೆ ಬರುವ ಮಾತೇ ಇಲ್ಲ. ಮಳೆಗಾಲ ಕಳೆದ ಕಾಗದದ ಕೇಸು ಊದಿಕೊಂಡಿರುತ್ತದೆ. ಪ್ಲಾಸ್ಟಿಕ್ ಕೇಸು ಊದುವುದಿಲ್ಲ, ಅದರ ಹಿತ್ತಾಳೆ ತಳ ಮಾತ್ರ ಹಸಿರು ಕಿಲುಬು ಹಿಡಿದಿರುತ್ತದೆ.

ತಳದ ಲೋಹವೂ ಮುಖ್ಯ. ಒಂದು ಅಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆ ಬಣ್ಣವಿದ್ದರೂ ಅಂಟಿಕೊಂಡರೆ ಅದು ಲೇಪ ಹಾಕಿದ ಕಬ್ಬಿಣ. ಈಡು ಹಾರುವಾಗ ಒಳಗಿನ ಒತ್ತಡ ಕೇಸನ್ನು ಗೋಡೆಗೆ ಒತ್ತುತ್ತದೆ. ಇಂದಿನ ಸಾಮಾನ್ಯ 12 ಬೋರ್ ಕಾರ್ಟ್ರಿಜ್ಜಿಗೆ ಯುರೋಪಿನ ಪ್ರಮಾಣದಲ್ಲಿ ಮಿತಿ 740 ಬಾರ್. ಒತ್ತಡ ಇಳಿದ ಮೇಲೆ ಹಿತ್ತಾಳೆ ಚೆನ್ನಾಗಿ ಹಿಂದಕ್ಕೆ ಕುಗ್ಗುತ್ತದೆ, ಮೆದು ಉಕ್ಕು ಅಷ್ಟು ಕುಗ್ಗುವುದಿಲ್ಲ. ಅಳತೆ ಸರಿಯಾಗಿರುವ ಹೊಸ ಕೋವಿಯಲ್ಲಿ ಈ ವ್ಯತ್ಯಾಸ ತಿಳಿಯದು. ಸವೆದು ಅಗಲವಾದ ಹಳೇ ಚೇಂಬರಿನಲ್ಲಿ ಕೇಸು ಹೆಚ್ಚು ಹಿಗ್ಗಬೇಕಾಗುತ್ತದೆ, ಅಲ್ಲಿ ಉಕ್ಕಿನ ತಳ ಕಚ್ಚಿ ಹಿತ್ತಾಳೆಯದು ಬರುತ್ತದೆ. ಹಾಗೆ ಕಂಡರೆ ಗೋಡೆಯ ನುಣುಪಿಗಿಂತ ಅಗಲವೇ ಕಾರಣ.

ಇನ್ನೊಂದು ತೀರಾ ಅಪಾಯದ ಕಾರಣವಿದೆ, ಇದನ್ನು ಬಿಟ್ಟು ಮುಂದೆ ಹೋಗಬಾರದು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವು ಎರಡೂವರೆ ಇಂಚು, ಅಂದರೆ 65 ಮಿಮೀ ಕಾರ್ಟ್ರಿಜ್ಜಿನ ಚೇಂಬರಿನವು. ಈಗ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 70 ಮಿಮೀ. ಆ ಅಳತೆ ಹೊಡೆದು ಬಿಚ್ಚಿಕೊಂಡ ಕೇಸಿನದು. ಮಡಿಕೆ ಇರುವ ಹೊಸ ಕಾರ್ಟ್ರಿಜ್ ಅದಕ್ಕಿಂತ ಗಿಡ್ಡ, ಹಾಗಾಗಿ 65ರ ಚೇಂಬರಿನಲ್ಲೂ ಆರಾಮಾಗಿ ಕೂರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ಕೇಸಿನ ಬಾಯಿ ನಳಿಗೆ ಕಿರಿದಾಗುವ ಕೋನಿನೊಳಗೆ ಹೊಕ್ಕು ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಬಾಯಿ ಹರಕು ಹರಕಾಗಿದ್ದು, ಕೇಪು ಚಪ್ಪಟೆಯಾಗಿ ಅದರ ಅಂಚಿನ ದುಂಡು ಮಾಯವಾಗಿದ್ದು, ಭುಜಕ್ಕೆ ಒದೆತ ಹೆಚ್ಚಾಗಿದ್ದರೆ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಇಲ್ಲಿ ಕೇಸು ಕಚ್ಚುವುದು ಎಚ್ಚರಿಕೆ. ಪಾಲಿಶ್ ಹೊಡೆದು ಆ ಎಚ್ಚರಿಕೆಯನ್ನು ಅಳಿಸಿದರೆ ಮುಂದೆ ಒಡೆಯುವುದು ನಳಿಗೆ. 1925ರ ನಿಯಮದ ನಂತರ ಪರೀಕ್ಷೆಯಾದ ಬ್ರಿಟಿಷ್ ಕೋವಿಗಳಲ್ಲಿ ನಳಿಗೆಯ ಕೆಳಗಿನ ಚಪ್ಪಟೆ ಭಾಗದಲ್ಲಿ ಚೇಂಬರ್ ಉದ್ದ ಒತ್ತಿರುತ್ತಾರೆ. ಅದಕ್ಕೂ ಹಿಂದಿನದಾದರೆ, ಇಲ್ಲವೇ ಗುರುತು ಸವೆದಿದ್ದರೆ, ಅಳೆಯಿಸಿಯೇ ತಿಳಿಯಬೇಕು. ನಳಿಗೆಯ ಮೇಲೆ ಹಾವಿನ ಮೈಯಂಥ ಗೆರೆಗಳಿರುವ ಡಮಾಸ್ಕಸ್ ನಳಿಗೆಗೆ ಈಗಿನ ಕಾರ್ಟ್ರಿಜ್ ಹಾಕುವ ಯೋಚನೆಯೇ ಬೇಡ.

ಮೊದಲು ತೊಳೆಯಿರಿ

ಒರಟು ಎಂದು ಕೈಗೆ ತಾಗುವುದು ಎಷ್ಟೋ ಸಲ ಲೋಹವಲ್ಲ, ಅದರ ಮೇಲೆ ಕಟ್ಟಿದ ಪೊರೆ: ಕರಗಿದ ಪ್ಲಾಸ್ಟಿಕ್, ಕಾಗದದ ಕೇಸಿನ ಮೇಣ, ಮದ್ದಿನ ಮಸಿ, ಒಣಗಿದ ಎಣ್ಣೆ. ಮೊದಲ ಈಡಿನ ಕೇಸು ಸಲೀಸಾಗಿ ಬಂದು ನಾಲ್ಕೈದು ಈಡಿನ ನಂತರ ಬಿಗಿಯಾಗುತ್ತ ಹೋದರೆ ಹೆಚ್ಚು ಅನುಮಾನ ಇದರ ಮೇಲೆ. ಮೊದಲ ಈಡಿಗೇ ಬಿಗಿಯಾದರೆ ಗೋಡೆಯ ಕಡೆ ನೋಡಬೇಕು.

ನಮ್ಮ ಕಡೆ ತೆಂಗಿನೆಣ್ಣೆ ಹಚ್ಚುವ ರೂಢಿ ಇದೆ. ಅದನ್ನು ಬಿಡಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಅದು ಚೇಂಬರಿನೊಳಗೇ ಹೆಪ್ಪುಗಟ್ಟುತ್ತದೆ, ಹಳತಾದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆ ಸಾಕು.

ತೊಳೆಯುವುದು ಹೀಗೆ. ಕಳಚಿದ ನಳಿಗೆಯ ಚೇಂಬರಿಗೆ ಸೀಮೆಎಣ್ಣೆ ಅಥವಾ ಕೋವಿ ತೊಳೆಯುವ ದ್ರಾವಣದಲ್ಲಿ ನೆನೆಸಿದ ಬಟ್ಟೆ ತುರುಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಂಚಿನ ತಂತಿಯ ಬ್ರಷ್ ಹಾಕಿ ತಿರುಗಿಸುತ್ತ ಎಳೆಯಿರಿ. 12 ಬೋರಿನ ಬ್ರಷ್ ನಳಿಗೆಗೆ ಸರಿ, ಚೇಂಬರಿಗೆ ಸಡಿಲ. 10 ಬೋರಿನ ಬ್ರಷ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹಳೇ 12ರ ಬ್ರಷ್ಷಿಗೆ ನಾಲ್ಕು ಸೊನ್ನೆಯ ಅತಿ ನಯವಾದ ಉಕ್ಕಿನ ನಾರು ತೆಳುವಾಗಿ ಸುತ್ತಿ. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಪ್ಲಾಸ್ಟಿಕ್ ಪೊರೆ ಬಿಟ್ಟಾಗ ಉದ್ದುದ್ದ ಬೂದು ಸಿಪ್ಪೆಗಳು ಬರುತ್ತವೆ, ಚೇಂಬರ್ ಮುಗಿಯುವ ಕಡೆ ಹೆಚ್ಚು. ಎಕ್ಸ್‌ಟ್ರಾಕ್ಟರಿನ ಅಡಿಯಲ್ಲಿ ಸೇರಿದ ಮದ್ದಿನ ಕಾಳು, ಕಸವನ್ನೂ ಟೂತ್‌ಬ್ರಷ್‌ನಿಂದ ತೆಗೆಯಿರಿ. ಕೊನೆಗೆ ಪೂರ್ತಿ ಒಣಗಿಸಿ. ಎಣ್ಣೆ ಉಳಿದ ಚೇಂಬರಿನಲ್ಲಿ ಕೇಸು ಗೋಡೆಯನ್ನು ಹಿಡಿಯದೆ ಜಾರಿ, ಕೇಸಿನ ತಳಕ್ಕೆ ಎದುರಾಗಿರುವ ಕೋವಿಯ ಹಿಂದಿನ ಮುಖಕ್ಕೆ ಹೆಚ್ಚು ಬಲದಿಂದ ಹೊಡೆಯುತ್ತದೆ. ಕೀಲು ಸವೆದ ಹಳೇ ಕೋವಿಗೆ ಅದು ಒಳ್ಳೆಯದಲ್ಲ.

ತೊಳೆದ ಮೇಲೆ ಮತ್ತೆ ಹೊಡೆದು ನೋಡಿ. ಇಲ್ಲಿಗೇ ಮುಗಿಯುವ ದೂರುಗಳು ಕಡಿಮೆಯಲ್ಲ.

ಖಾಲಿ ಕೇಸನ್ನು ಓದುವುದು

ಇನ್ನೂ ಕಚ್ಚುತ್ತಿದ್ದರೆ ಕಾರ್ಟ್ರಿಜ್ ಹಾಕುವಾಗ ಅದರ ತಳದ ಮೇಲ್ಭಾಗಕ್ಕೆ ಮಾರ್ಕರಿನಲ್ಲಿ ಒಂದು ಗೀಟು ಹಾಕಿ, ಯಾವ ನಳಿಗೆ ಎಂದೂ ಬರೆಯಿರಿ. ಪ್ರತಿ ನಳಿಗೆಯಿಂದ ಮೂರು ಕೇಸು ತೆಗೆದು ಬೆಳಕಿನಲ್ಲಿ ಸಾಲಾಗಿ ಇಡಿ, ಗೀಟು ಮೇಲಿರಲಿ.

ಮೂರರಲ್ಲೂ ಒಂದೇ ಜಾಗದಲ್ಲಿ ಸಣ್ಣ ಗುಳ್ಳೆಯೋ, ಅಲ್ಲಿಂದ ಮುಂದಕ್ಕೆ ಎಳೆದ ಹೊಳೆಯುವ ಗೀರೋ ಇದ್ದರೆ ಚೇಂಬರಿನ ಆ ಜಾಗದಲ್ಲಿ ತುಕ್ಕಿನ ಗುಂಡಿ ಇದೆ. ಒತ್ತಡಕ್ಕೆ ಕೇಸಿನ ಮೈ ಗುಂಡಿಯೊಳಗೆ ಇಳಿದಿದೆ, ಹೊರಗೆ ಬರುವಾಗ ಗುಂಡಿಯ ಅಂಚು ಅದನ್ನು ಕೆತ್ತಿದೆ. ಕೇಸಿನ ಸುತ್ತ ಬಳೆಯ ಹಾಗೆ ಗುರುತಿದ್ದರೆ ಚೇಂಬರಿನಲ್ಲಿ ಅಡ್ಡ ಗೀರು, ಅಂದರೆ ಚೇಂಬರ್ ಕೊರೆಯುವ ಉಪಕರಣವಾದ ರೀಮರಿನ ಹಳೇ ಗುರುತು ಅಥವಾ ತುಕ್ಕಿನ ಉಂಗುರ. 70ರ ಚೇಂಬರಿನಲ್ಲಿ ಬಹುಕಾಲ 65ರ ಕಾರ್ಟ್ರಿಜ್ ಹೊಡೆದಿದ್ದರೆ ಕೇಸಿನ ಬಾಯಿ ಮುಗಿಯುವಲ್ಲಿ ಇಂಥ ಉಂಗುರ ಏಳುತ್ತದೆ. ಉದ್ದುದ್ದ ಗೀರುಗಳು ಕಂಡರೆ ಅಷ್ಟು ಚಿಂತೆ ಬೇಡ. ಕೇಸು ಹೊರಬರುವ ದಿಕ್ಕೂ ಅದೇ, ಅವು ಹಿಡಿದು ನಿಲ್ಲಿಸುವುದಿಲ್ಲ. ಲೋಹದ ತಳ ಮಾತ್ರ ಒಂದು ಪಕ್ಕ ಉಬ್ಬಿದ್ದು ಮುಂದಿನ ಮೈ ನಯವಾಗಿದ್ದರೆ ಚೇಂಬರ್ ಅಂಚಿನ ಕಡೆ ಅಗಲವಾಗಿದೆ, ಇಲ್ಲವೇ ಕೀಲು ಸವೆದು ಹಿಂದಿನ ಮುಖಕ್ಕೂ ನಳಿಗೆಗೂ ನಡುವೆ ಸಂದು ಬಿದ್ದಿದೆ. ಸಂದನ್ನು ನೋಡಲು ಮುಂದಿನ ಮರ ಬಿಚ್ಚಿ, ಖಾಲಿ ಕೋವಿಯನ್ನು ಮುಚ್ಚಿ ಅಲ್ಲಾಡಿಸಿ. ಗಡಗಡ ಎಂದರೆ ಅಥವಾ ದೀಪದ ಬೆಳಕು ಸಂದಿನಲ್ಲಿ ತೂರಿ ಬಂದರೆ ಕೀಲಿನ ಕೆಲಸ ಮೊದಲು.

ಈಗ ಚೇಂಬರನ್ನೇ ನೋಡಿ. ಮೂತಿಯ ಕಡೆ ಬಿಳಿ ಕಾಗದ ಇಟ್ಟು ಹಿಂದಿನಿಂದ ಟಾರ್ಚನ್ನು ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಹೊಳೆಯುವ ಗೋಡೆ ಓರೆ ಬೆಳಕಿನಲ್ಲಿ ಗುಂಡಿಗಳ ನೆರಳು ತೋರಿಸುತ್ತದೆ. ಕಪ್ಪು ಕಲೆ ಕಂಡರೆ ಹತ್ತಿ ಸುತ್ತಿದ ಕಡ್ಡಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಂಚು ಚೂಪು, ಜಾರಿ ಹೋದರೆ ಅದು ಬರೀ ಬಣ್ಣ. ಕೇಸಿನ ಮೇಲಿನ ಗುರುತಿನ ಜಾಗಕ್ಕೂ ಇದಕ್ಕೂ ತಾಳೆಯಾದರೆ ಆಗ ದೋಷ ಗೋಡೆಯದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಪಾಲಿಶ್: ಎಷ್ಟು, ಎಲ್ಲಿಯವರೆಗೆ

ಇಲ್ಲಿಂದ ಮುಂದಿನದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ವೃತ್ತಿಗೂ ಪರವಾನಗಿ ಬೇಕು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ರಿಪೇರಿ ಮಾಡುವ ಲೇತಿನವರು ಎಷ್ಟೇ ಕೈಚಳಕದವರಾದರೂ ನಳಿಗೆಯನ್ನು ಅವರಿಗೆ ಕೊಡಬೇಡಿ. ಆದರೆ ರಿಪೇರಿಯವರಿಗೆ ಏನು ಹೇಳಬೇಕು, ಏನು ಬೇಡ ಎನ್ನಬೇಕು ಎಂಬುದು ಕೋವಿಯ ಯಜಮಾನರಿಗೆ ಗೊತ್ತಿರಬೇಕು.

ಮೊದಲು ಅಳತೆ. ಅಂಚಿನ ಹತ್ತಿರ, ನಡುವೆ, ತುದಿಯಲ್ಲಿ ಒಳ ವ್ಯಾಸ ಅಳೆದು ಬರೆದಿಡಲು ಹೇಳಿ. ಅಂಚಿನ ಹತ್ತಿರ 20.65ಕ್ಕಿಂತ ಹತ್ತನೇ ಒಂದು ಮಿಲಿಮೀಟರ್ ಮೀರಿ ಅಗಲವಾಗಿದ್ದರೆ ಆ ಚೇಂಬರಿಗೆ ಇನ್ನು ಪಾಲಿಶ್ ಬೇಡ. ಒಳಗೆ ಕ್ರೋಮ್ ಲೇಪವಿದ್ದರೆ ಅದಕ್ಕೂ ಬೇಡ, ಲೇಪ ಹರಿದರೆ ಅಂಚು ಇನ್ನಷ್ಟು ಕೆಡುತ್ತದೆ.

ಆಮೇಲೆ ಗುರಿ. ಗುಂಡಿಯನ್ನು ಪೂರ್ತಿ ಅಳಿಸುವುದು ಗುರಿಯಾಗಬಾರದು. 0.1 ಮಿಮೀ ಆಳದ ಗುಂಡಿಯ ತಳ ಮುಟ್ಟಬೇಕೆಂದರೆ ಎರಡೂ ಪಕ್ಕ ಸೇರಿ ವ್ಯಾಸ 0.2 ಮಿಮೀ ಬೆಳೆಯುತ್ತದೆ. ಆಗ ಗುಂಡಿಯಿಂದ ಕಚ್ಚುತ್ತಿದ್ದ ಕೇಸು ಅಗಲದಿಂದ ಕಚ್ಚತೊಡಗುತ್ತದೆ. ಬೇಕಾದದ್ದು ಗುಂಡಿಯ ಚೂಪು ಅಂಚು ಮುರಿಯುವುದು, ಅಷ್ಟೇ. ಕಪ್ಪು ಕಲೆಗಳು ಉಳಿದರೂ ಪರವಾಗಿಲ್ಲ, ಹತ್ತಿಯ ಎಳೆ ಸಿಕ್ಕಬಾರದು.

ಸಾಧನ, ತಂತಿಗಳ ತುದಿಯಲ್ಲಿ ಸಾಣೆಯ ಗುಳಿಗೆಗಳಿರುವ ಬಳುಕುವ ಹೋನ್. ಇಳಿಜಾರಿಗೆ ತಕ್ಕಂತೆ ತಾನೇ ಬಾಗುವುದರಿಂದ ಅದು ಆಕಾರ ಕೆಡಿಸುವುದಿಲ್ಲ. ಹೋನಿಗೂ ಚೇಂಬರಿಗೂ ಧಾರಾಳ ಎಣ್ಣೆ, 400 ಗ್ರಿಟ್‌ನಿಂದ ಶುರು, ನಿಧಾನದ ಡ್ರಿಲ್, ಹಿಂದೆ ಮುಂದೆ ಆಡಿಸುತ್ತ ಹತ್ತು ಹದಿನೈದು ಸೆಕೆಂಡು, ನಿಲ್ಲಿಸಿ ಒರೆಸಿ ನೋಡುವುದು. ಒಂದೇ ಜಾಗದಲ್ಲಿ ನಿಲ್ಲಿಸಿ ತಿರುಗಿಸಿದರೆ ಅಲ್ಲಿ ಅಡ್ಡ ಉಂಗುರ ಬೀಳುತ್ತದೆ, ಅದು ಮೊದಲಿದ್ದ ದೋಷಕ್ಕಿಂತ ಕೆಟ್ಟದ್ದು. ಎಳೆ ಸಿಕ್ಕುವುದು ನಿಂತ ಮೇಲೆ 800 ಗ್ರಿಟ್‌ನಲ್ಲಿ ಅಷ್ಟೇ ಹೊತ್ತು. ಕಡೆಯಲ್ಲಿ ಡ್ರಿಲ್ ನಿಲ್ಲಿಸಿ ನಯವಾದ ಎಮರಿಯನ್ನು ಬೆರಳಿನಿಂದ ಉದ್ದುದ್ದಕ್ಕೆ ಕೆಲವು ಸಲ ಎಳೆಯಬೇಕು. ಉಳಿಯುವ ಗೀರು ಕೇಸು ಬರುವ ದಿಕ್ಕಿನಲ್ಲೇ ಇರಲಿ ಎಂದು. ಅಂಚು ಕೂರುವ ತಗ್ಗಿಗೆ ಹೋನ್ ತಾಗಲೇಬಾರದು. ಅದರ ಆಳ ಹೆಚ್ಚಾದರೆ ಕಾರ್ಟ್ರಿಜ್ ಒಳಗೆ ಕೂತು ಮೊಳೆಯ ಪೆಟ್ಟು ಸಾಲದಾಗುತ್ತದೆ.

ಕನ್ನಡಿ ಹೊಳಪು ಕೇಳಬೇಡಿ. ಅದು ಕಣ್ಣಿಗೆ ಚೆಂದ, ಕೇಸಿಗೆ ಹೆಚ್ಚಿನ ಲಾಭವಿಲ್ಲ. ಆ ಹೊಳಪಿಗಾಗಿ ಹೋಗುವ ಲೋಹ ಮಾತ್ರ ನಷ್ಟ.

ಮುಗಿದ ಮೇಲೆ ಸಾಣೆಯ ಪುಡಿ ಒಂದು ಕಣವೂ ಉಳಿಯದಂತೆ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅದೇ ಮೂರು ಜಾಗದಲ್ಲಿ ಅಳೆಯಬೇಕು. ಹಿಂದಿನ ಅಳತೆಗೂ ಇದಕ್ಕೂ 0.02 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸ ಅತಿಯಾಗಿದೆ. ಹೊಡೆದು ನೋಡುವಾಗ ಮತ್ತೆ ಗೀಟು ಹಾಕಿದ ಮೂರು ಕೇಸು. ಗುಳ್ಳೆಯ ಗುರುತು ಮಾಸಲಾಗಿ ಉಳಿದು ಅದರ ಮುಂದಿನ ಗೀರು ಹೋಗಿದ್ದರೆ, ಎದ್ದ ಕೇಸು ಎರಡು ಬೆರಳಿಗೆ ಬಂದರೆ, ಅಲ್ಲಿಗೆ ನಿಲ್ಲಿಸಿ.

ತುಕ್ಕು ಮರಳದಂತೆ

ಗುಂಡಿ ಏಳುವುದು ಮಳೆಗಾಲದಲ್ಲಿ. ಹೊಡೆದ ಖಾಲಿ ಕೇಸನ್ನು ರಾತ್ರಿಯಿಡೀ ಚೇಂಬರಿನಲ್ಲೇ ಬಿಡುವುದು ಮೊದಲ ಕಾರಣ, ಮಸಿ ಮತ್ತು ತೇವ ಗೋಡೆಗೆ ಒತ್ತಿಕೊಂಡಿರುತ್ತವೆ. ಕರಿಮದ್ದಿನ ಅಥವಾ ತೀರಾ ಹಳೇ ಕೇಪಿನ ಕಾರ್ಟ್ರಿಜ್ ಹೊಡೆದಿದ್ದರೆ ಉಳಿಯುವ ಉಪ್ಪು ಎಣ್ಣೆಗೆ ಕರಗದು. ಕಳಚಿದ ನಳಿಗೆಗೆ ಕುದಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ಇಟ್ಟು ಮರೆಯಬೇಡಿ, ಚೀಲ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಚೇಂಬರ್ ಒರೆಸಿ ತೆಳುವಾಗಿ ಎಣ್ಣೆ ಸವರಿ, ಹೊಡೆಯುವ ಮೊದಲು ಅದನ್ನು ಪೂರ್ತಿ ಒರೆಸಿ ತೆಗೆಯಿರಿ. ಚುನಾವಣೆ ಕಾಲದಲ್ಲಿ ಠಾಣೆಗೆ ಕೋವಿ ಒಪ್ಪಿಸುವ ಮುನ್ನ ಎಣ್ಣೆ ಸ್ವಲ್ಪ ದಪ್ಪವಾಗಿಯೇ ಇರಲಿ. ವಾಪಸು ತಂದ ದಿನವೇ ಒರೆಸಿ, ಓರೆ ಬೆಳಕು ಬಿಟ್ಟು ನೋಡಿ. ಹೊಸದಾಗಿ ಹತ್ತಿದ ಕೆಂಪು ತುಕ್ಕು ಆ ದಿನ ಎಣ್ಣೆ ಬಟ್ಟೆಗೇ ಬರುತ್ತದೆ. ಬಿಟ್ಟರೆ ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಜಾಗದಲ್ಲಿ ಗುಂಡಿ ಬಿದ್ದಿರುತ್ತದೆ.